ಮೆಲುದನಿ

ಧ್ವನಿಮುದ್ರಣದಲ್ಲಿ ಕೇಳಿಬರುತ್ತಿದ್ದ ದನಿ ತನ್ನದೇ ಎಂದು ನಂಬಲು ಹೈಮಾವತಿಗೆ ಸ್ವಲ್ಪ ಹೊತ್ತು ಬೇಕಾಯಿತು. ಆ ದನಿಯಲ್ಲಿ ಅವಸರವಿರಲಿಲ್ಲ. ಒಂದು ಮಾತು ಮುಗಿದ ಮೇಲೆ ಇನ್ನೊಂದು ಮಾತಿಗೆ ಕಾಯುವ ತಾಳ್ಮೆಯಿತ್ತು, ಕಾಯಿಲೆಯ ಮಗುವಿನ ಹಣೆಯ ಮೇಲೆ ಕೈಯಿಟ್ಟು ಕೂತವರ ಮೃದುತ್ವವಿತ್ತು. ಶ್ರೀಕಾಕುಳದ ಆ ಸರಕಾರಿ ಸಭಾಂಗಣದಲ್ಲಿ ಇಪ್ಪತ್ತೆರಡು ಜನ ನರ್ಸುಗಳೂ ಡಾಕ್ಟರುಗಳೂ ತಲೆ ಬಗ್ಗಿಸಿಕೊಂಡು ಅದನ್ನು ಕೇಳುತ್ತಿದ್ದರು. ಮುಂದಿನ ಮೇಜಿನ ಮೇಲಿದ್ದ ಪುಟ್ಟ ಪೆಟ್ಟಿಗೆಯೊಳಗೆ ತನಗಿಂತ ಒಳ್ಳೆಯ ಹೆಂಗಸೊಬ್ಬಳು ಕೂತು ಮಾತಾಡುತ್ತಿದ್ದಾಳೆ, ತಾನು ಸುಮ್ಮನೆ ಅವಳ ಹೆಸರು ಹೊತ್ತುಕೊಂಡು ಇಲ್ಲಿ ಮೂರನೆಯ ಸಾಲಿನಲ್ಲಿ ಬೆವರುತ್ತಿದ್ದೇನೆ ಅನ್ನಿಸಿತು. ತರಬೇತಿ ಕೊಡುತ್ತಿದ್ದ ಡಾಕ್ಟರ್ ಪಟ್ನಾಯಕ್ ವಿಶಾಖಪಟ್ಟಣದ ಮನೋವೈದ್ಯರು. ತಲೆಯನ್ನು ಒಂದಿಷ್ಟು ಓರೆ ಮಾಡಿ ಕೇಳುವುದು ಅವರ ಅಭ್ಯಾಸ. ಈಗಲೂ ಹಾಗೇ ನಿಂತು, ಎಡಗೈಯಲ್ಲಿ ಕಾಗದ ಹಿಡಿದು, ಅವಳ ಒಂದೊಂದು ಮಾತಿಗೂ ಒಂದೊಂದು ಗೆರೆ ಎಳೆಯುತ್ತಿದ್ದರು. ಪ್ರಶ್ನೆಗೆ ಒಂದು ಕಡೆ, ಉಪದೇಶಕ್ಕೆ ಒಂದು ಕಡೆ, ರೋಗಿಯ ಮಾತನ್ನೇ ತಿರುಗಿಸಿ ರೋಗಿಗೆ ತೋರಿಸುವ ಕನ್ನಡಿ ಮಾತಿಗೆ ಇನ್ನೊಂದು ಕಡೆ. ಕನ್ನಡಿ ಮಾತಿನ ಸಾಲಿನಲ್ಲಿ ಗೆರೆಗಳು ಬೇಲಿಯ ಹಾಗೆ ಒತ್ತೊತ್ತಾಗಿ ಬೆಳೆಯುತ್ತಿದ್ದವು. ಉಪದೇಶದ ಸಾಲು ಖಾಲಿಯಿತ್ತು.

ಉಪದೇಶದ ಸಾಲು ಖಾಲಿ! ಹನ್ನೊಂದು ವರ್ಷ ಅವಳು ಉಪದೇಶ ಬಿಟ್ಟು ಬೇರೇನೂ ಮಾಡಿರಲಿಲ್ಲ. ಸಮುದ್ರದ ಪಕ್ಕದ ಆ ಸಣ್ಣ ಊರಿನ ಆಸ್ಪತ್ರೆಗೆ ಹಲ್ಲಿನ ಡಾಕ್ಟರಾಗಿ ಬಂದ ಮೊದಲ ವಾರದಲ್ಲೇ ಅವಳು ಕಂಡದ್ದು ಕಪ್ಪಾದ ಅಂಗುಳಗಳನ್ನು. ಬೆಸ್ತರ ಹೆಂಗಸರು ಹೊಗೆಸೊಪ್ಪಿನ ಚುಟ್ಟಾ ಸೇದುವುದು ಉಲ್ಟಾ. ಉರಿಯುವ ತುದಿ ಬಾಯೊಳಗೆ, ಆರಿದ ತುದಿ ತುಟಿಯ ಹೊರಗೆ. ಕಡಲಗಾಳಿಗೆ ಬೆಂಕಿ ಆರುವುದಿಲ್ಲ, ಎರಡು ಕೈಗೂ ಬಿಡುವಿರುತ್ತದೆ, ಬುಟ್ಟಿ ಹೊತ್ತರೂ ಸೈ, ಕೂಸಿಗೆ ಹಾಲು ಕುಡಿಸಿದರೂ ಸೈ. ಅಂಗುಳ ಮೊದಲು ಬೆಳ್ಳಗಾಗುತ್ತದೆ, ಆಮೇಲೆ ಕೆಂಪಗಾಗುತ್ತದೆ, ಆಮೇಲೆ ಒಂದು ದಿನ ಗಂಟು. ಹೈಮಾವತಿ ಒಂದು ಫೋಟೋ ಪುಸ್ತಕ ಮಾಡಿಸಿಕೊಂಡಿದ್ದಳು. ಕೊಳೆತ ದವಡೆಗಳು, ತೂತುಬಿದ್ದ ಕೆನ್ನೆಗಳು. ಬಂದವರ ಮುಖದ ಮುಂದೆ ಅದನ್ನು ಬಿಚ್ಚಿ ಹಿಡಿದು, 'ನೋಡು, ನೋಡೇ, ಮುಂದಿನ ವರ್ಷ ಇದು ನಿನ್ನ ಫೋಟೋ' ಎಂದು ಕೂಗುತ್ತಿದ್ದಳು. ಹೊರಗೆ ಬೆಂಚಿನ ಮೇಲೆ ಕೂತವರು ನಗುತ್ತಿದ್ದರು. ಬೈಯೋ ಡಾಕ್ಟರಮ್ಮ ಎಂಬ ಹೆಸರು ಹಾಗೆ ಬಂತು. ಅವಳಿಗೆ ಆ ಹೆಸರು ಗೊತ್ತಿತ್ತು, ಒಳಗೊಳಗೆ ಒಂದಿಷ್ಟು ಹೆಮ್ಮೆಯೂ ಇತ್ತು. ಬಯ್ಯುವುದೆಂದರೆ ಕಾಳಜಿ ಎಂದೇ ಅವಳು ತಿಳಿದದ್ದು. ಚಿಕ್ಕಂದಿನಲ್ಲಿ ಟೆಕ್ಕಲಿ ಊರಿನ ಅಜ್ಜಿ ಅಮ್ಮಮ್ಮನಿಗೂ ಹಾಗೇ ಬಯ್ಯುತ್ತಿದ್ದಳು. ಎಂಟು ವರ್ಷದ ಹುಡುಗಿ, ಅಂಗಳದಲ್ಲಿ ಕೂತು ಹುಣಸೆ ಬೀಜ ತೆಗೆಯುತ್ತಿದ್ದ ಮುದುಕಿಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತು, 'ಥೂ, ನಿನ್ನ ಬಾಯಿ ಒಲೆ ಇದ್ದಂಗೈತೆ' ಎಂದು. ಅಮ್ಮಮ್ಮ ಬೆಂಕಿಯನ್ನು ನಾಲಿಗೆಯಿಂದ ಒಂದು ಪಕ್ಕಕ್ಕೆ ಸರಿಸಿ, ಬಾಯಿ ಮುಚ್ಚಿಕೊಂಡೇ ನಗುತ್ತಿದ್ದಳು. ಮೂಗಿನಿಂದ ಹೊಗೆಯ ಎರಡು ಎಳೆ ಇಳಿಯುತ್ತಿದ್ದವು. ಅಮ್ಮಮ್ಮ ಸತ್ತದ್ದು ಬಾಯಿಯ ರೋಗದಿಂದ ಅಲ್ಲ, ಹಾವು ಕಚ್ಚಿ. ಆದರೆ ಯಾರಿಗಾದರೂ ತನ್ನ ಕೆಲಸದ ಬಗ್ಗೆ ಹೇಳುವಾಗ ಹೈಮಾವತಿ, ನಮ್ಮ ಅಮ್ಮಮ್ಮನೂ ಇದರಿಂದಲೇ, ಎನ್ನುತ್ತಿದ್ದಳು. ಎಷ್ಟು ಸಲ ಹೇಳಿದ್ದಳೆಂದರೆ, ಈಗ ನೆನಪಿನಲ್ಲಿ ಅಮ್ಮಮ್ಮನ ಕಾಲಲ್ಲಿ ಹಾವು ಕಚ್ಚಿದ ಗಾಯವೇ ಇರಲಿಲ್ಲ.

ಬಯ್ದದ್ದರಿಂದ ಯಾರೂ ಚುಟ್ಟಾ ಬಿಟ್ಟಿರಲಿಲ್ಲ. ಒಂದು ತಿಂಗಳ ಹಿಂದೆ, ತರಬೇತಿಯ ಮೊದಲ ಕಂತಿನಲ್ಲಿ ಪಟ್ನಾಯಕ್ ಅದನ್ನೇ ಬಹಳ ಮೆತ್ತಗೆ ಕೇಳಿದ್ದರು: "ನೀವು ಬಯ್ದದ್ದರಿಂದ ಎಷ್ಟು ಜನ ಬಿಟ್ಟರು ಅಮ್ಮಾ?" ಇಪ್ಪತ್ತೆರಡು ಜನರೂ ಅವಳ ಕಡೆ ತಿರುಗಿದ್ದರು. ಅವಳು ಲೆಕ್ಕ ಹಾಕುವವಳ ಹಾಗೆ ಫ್ಯಾನು ನೋಡಿದಳು. ಆ ದಿನದ ಅವಮಾನ ಎರಡು ರಾತ್ರಿ ಕಿವಿಯಲ್ಲಿ ಗುಂಯ್‌ಗುಟ್ಟಿ, ಮೂರನೆಯ ದಿನಕ್ಕೆ ಒಂದು ಹಠವಾಯಿತು. ಶಾಲೆಯಲ್ಲಿ ಮೊದಲನೆಯವಳಾಗಿ ಬಂದ ಹುಡುಗಿಯ ಹಠ. ಮಾತು ತಡೆಯಬೇಡ. ಹೆದರಿಸಬೇಡ. ಕೇಳು, ಕೇಳಿದ್ದನ್ನು ತಿರುಗಿ ಹೇಳು, ಬಿಡಬೇಕೆಂಬ ಮಾತು ಅವರ ಬಾಯಿಂದಲೇ ಬರಲಿ. ಅವಳು ಮನೆಯಲ್ಲೂ ಅಭ್ಯಾಸ ಮಾಡಿದಳು. ಸಾರಿಗೆ ಉಪ್ಪಿಲ್ಲ ಎಂದು ಗಂಡ ಜಗನ್ನಾಥಂ ಗೊಣಗಿದರೆ, "ಇವತ್ತಿನ ಸಾರು ನಿಮಗೆ ಸಪ್ಪೆ ಅನ್ನಿಸ್ತಿದೆ" ಎಂದಳು. ಅವನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಬಿಟ್ಟು, "ಸಪ್ಪೆ ಅನ್ನಿಸ್ತಿಲ್ಲ ಮಾರಾಯ್ತಿ, ಸಪ್ಪೆ ಇದೆ. ನನ್ನ ಮೇಲೂ ಶುರು ಮಾಡಿದೆಯಾ ನಿನ್ನ ತರಬೇತಿ? ಇದಕ್ಕಿಂತ ನೀನು ಬಯ್ತಿದ್ದಾಗಲೇ ಮನುಷ್ಯಳ ಹಾಗೆ ಕಾಣ್ತಿದ್ದೆ" ಎಂದ. ಅವಳು ಅದಕ್ಕೂ ಮೆಲ್ಲಗೆ, "ನಿಮಗೆ ಬೇಜಾರಾಗಿದೆ" ಎಂದುಬಿಟ್ಟಳು.

ತರಬೇತಿಗೆಂದು ಮುದ್ರಿಸಿ ತಂದ ಮಾತುಕತೆಯಲ್ಲಿ ಪೆಟ್ಟಿಗೆಯೊಳಗಿನ ಹೆಂಗಸು ಬೆಸ್ತರ ರೋಗಿಯೊಬ್ಬಳನ್ನು ಕೇಳುತ್ತಿದ್ದಳು:

"ಚುಟ್ಟಾ ಸೇದಿದ್ರೆ ನಿನಗೆ ಏನು ಸಿಗುತ್ತೆ ಅಸಿರಮ್ಮಾ?"

"ಏನ್ ಸಿಗ್ತದೆ? ಬೆಚ್ಚಗಿರ್ತದೆ. ನಸುಕಲ್ಲಿ ದಡದ ಮೇಲೆ ದೋಣಿ ಬರೋದು ಕಾಯ್ಕಂಡು ಕೂತಿರ್ತೀವಲ್ಲ, ಆಗ. ಕೈಯಲ್ಲಿ ಬುಟ್ಟಿ, ಬಾಯಲ್ಲಿ ಬೆಂಕಿ. ಗಾಳಿ ಏನ್ ಕಿತ್ಕಂಡಾತು?"

ಸಭೆಯಲ್ಲಿ ಸಣ್ಣ ನಗು. ಪಟ್ನಾಯಕ್ ಕೂಡ ನಕ್ಕರು.

"ಅದು ನಿನಗೆ ಒಬ್ಬ ಜೊತೆಗಾತಿ ಇದ್ದ ಹಾಗೆ."

"ಹೂಂ. ನನ್ ಗಂಡ ಹೋದ್ಮ್ಯಾಕೆ ಅದೇ."

ಪಟ್ನಾಯಕ್ ಬೆರಳೆತ್ತಿ ಪೆಟ್ಟಿಗೆ ನಿಲ್ಲಿಸಿದರು. "ಗಮನಿಸಿದಿರಾ? ಜೊತೆಗಾತಿ. ಆಕೆ ಹೇಳದೇ ಇದ್ದ ಪದ. ಆದರೆ ಆಕೆಯ ಮನಸ್ಸಿನಲ್ಲಿದ್ದ ಪದ. ಅದಕ್ಕೇ ಗಂಡನ ವಿಷಯ ಹೊರಗೆ ಬಂತು." ಮುಂದಿನ ಸಾಲಿನ ಎಳೆಯ ಡಾಕ್ಟರೊಬ್ಬಳು ಅದನ್ನು ಬರೆದುಕೊಂಡಳು. ಹೈಮಾವತಿಯ ಕಿವಿ ಬಿಸಿಯಾಯಿತು. ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಯಾರಾದರೂ ಹೀಗೆ ಎಲ್ಲರ ಮುಂದೆ ಹೊಗಳಿದರೆ ಕಿವಿ ಬಿಸಿಯಾಗುತ್ತದೆ ಎಂಬುದೇ ಅವಳಿಗೆ ಮರೆತುಹೋಗಿತ್ತು. ಪೆಟ್ಟಿಗೆ ಮತ್ತೆ ಶುರುವಾಯಿತು.

"ಆದರೂ ಈಗೀಗ ಅದರ ಮೇಲೆ ಏನೋ ಬೇಸರ ಇದೆ ನಿನಗೆ."

"ಮೊದ್ಲಿನ ರುಚಿ ಇಲ್ಲ ಅಮ್ಮಾ. ಎಳೆದ್ರೆ ನಿಲ್ಲಲ್ಲ ಹೊಗೆ."

"ಎಳೆದರೂ ಸಮಾಧಾನ ಸಿಗ್ತಿಲ್ಲ."

ಆಮೇಲೆ ಕುರ್ಚಿಯೊಂದು ಕಿರುಗುಟ್ಟಿದ ಸದ್ದು. ಆ ಸದ್ದಿನ ಅಡಿಯಲ್ಲಿ, ಯಾರಿಗೂ ಹೇಳದ ಹಾಗೆ, ತನಗೇ ಹೇಳಿಕೊಂಡ ಹಾಗೆ, ಅಸಿರಮ್ಮನ ದನಿ: "ಗಂಜಿ ಕುಡಿದ್ರೆ ಮೂಗಲ್ ಬತ್ತದೆ." ಅದು ಮುಗಿಯುವ ಮೊದಲೇ ಅದರ ಮೇಲೆ ಹತ್ತಿ ಕೂತ ಹಾಗೆ ಆ ಒಳ್ಳೆಯ ಹೆಂಗಸಿನ ಮೃದುವಾದ ಮಾತು: "ಅಂದರೆ ಬಿಡಬೇಕು ಅಂತ ನಿನಗೇ ಒಳಗಿಂದ ಅನ್ನಿಸ್ತಿದೆ."

"ಹೂಂ ಅಮ್ಮಾ. ಬಿಟ್ಟೇಬಿಡ್ತೀನಿ. ಇನ್ನೇನೈತೆ."

ಪಟ್ನಾಯಕ್ ಕಾಗದದ ಮೇಲೆ ದೊಡ್ಡದೊಂದು ಸುತ್ತು ಹಾಕಿ, ಕಾಗದವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. "ಬಿಡ್ತೀನಿ. ಆಕೆಯ ಬಾಯಿಂದಲೇ ಬಂತು. ಹದಿನಾಲ್ಕು ನಿಮಿಷದಲ್ಲಿ. ಒಂದು ಬೈಗುಳವಿಲ್ಲ, ಒಂದು ಬೆದರಿಕೆಯಿಲ್ಲ." ಯಾರೋ ಚಪ್ಪಾಳೆ ಶುರು ಮಾಡಿದರು. ಎಲ್ಲರೂ ತಟ್ಟಿದರು. ಹೈಮಾವತಿಯೂ ತಟ್ಟಿದಳು, ಬೇರೆ ಯಾರಿಗೋ ತಟ್ಟುವ ಹಾಗೆ. ಎರಡು ಸಲ ತಟ್ಟಿದ ಮೇಲೆ ಕೈ ನಿಂತಿತು.

ಮೂಗಲ್ ಬತ್ತದೆ. ಮನೋವೈದ್ಯರಿಗೆ ಅದು ಏನೂ ಅಲ್ಲ. ಸಕ್ಕರೆ ಕಾಯಿಲೆಯ ಡಾಕ್ಟರಿಗೆ, ಹೆರಿಗೆ ನರ್ಸಿಗೆ ಏನೂ ಅಲ್ಲ. ಆ ಸಭೆಯಲ್ಲಿ ಬಾಯಿಯ ಡಾಕ್ಟರು ಅವಳೊಬ್ಬಳೇ. ಕುಡಿದ ಗಂಜಿ ಮೂಗಿಗೆ ಬರಬೇಕಾದರೆ ಬಾಯಿಗೂ ಮೂಗಿಗೂ ನಡುವಿನ ಮಾಳಿಗೆ, ಅಂಗುಳ, ತೂತಾಗಿರಬೇಕು. ಎಳೆದ ಹೊಗೆ ಬಾಯಲ್ಲಿ ನಿಲ್ಲದಿರುವುದೂ ಅದಕ್ಕೇ. ಈಗ ತಿರುಗಿ ನೆನೆದರೆ ಅಸಿರಮ್ಮನ ದನಿಯೇ ಅದನ್ನು ಹೇಳುತ್ತಿತ್ತು. 'ಬ' ಅನ್ನುವಲ್ಲಿ 'ಮ', ಪ್ರತಿ ಮಾತೂ ಮೂಗಿನ ಗವಿಯನ್ನು ಹೊಕ್ಕು ಬಂದ ಹಾಗೆ. ಹದಿನಾಲ್ಕು ನಿಮಿಷ ಹೈಮಾವತಿ ಎರಡು ಅಡಿ ದೂರದಲ್ಲಿ ಕೂತು ಕೇಳಿದ್ದಳು. ಪೆಟ್ಟಿಗೆಯ ಕೆಂಪು ದೀಪ ಉರಿಯುತ್ತಿದೆಯೇ ಎಂದು ಆಗಾಗ ಓರೆಗಣ್ಣಲ್ಲಿ ನೋಡಿದ್ದಳು. ಅಸಿರಮ್ಮ ಹೇಳಿದ್ದನ್ನು ಇನ್ನೂ ಚೆಂದದ ಮಾತಲ್ಲಿ ತಿರುಗಿಸುವುದು ಹೇಗೆ ಎಂದು ಯೋಚಿಸಿದ್ದಳು. ಪಟ್ನಾಯಕ್ ಇದನ್ನು ಕೇಳುವಾಗ ಎಲ್ಲಿ ಬೆರಳೆತ್ತಬಹುದು ಎಂದು ಕೂಡ ಯೋಚಿಸಿದ್ದಳು. ಕೇಳಿದ್ದು ಸುಳ್ಳಲ್ಲ. ಕೇಳುತ್ತಿರುವ ತನ್ನನ್ನೇ ನೋಡಿಕೊಳ್ಳುತ್ತ ಕೇಳಿದ್ದಳು, ಅಷ್ಟೆ.

ಅದೂ ಇರಲಿ. ಬಾಯಿ ನೋಡಲಿಲ್ಲ. ಮೊದಲು ಮಾತು, ಆಮೇಲೆ ಪರೀಕ್ಷೆ ಎಂದು ತರಬೇತಿಯಲ್ಲಿ ಹೇಳಿದ್ದರು. ಮಾತು ಮುಗಿಯಿತು, 'ಬಿಡ್ತೀನಿ' ಬಂತು, ಅವಳ ಎದೆ ಹಕ್ಕಿಯ ಹಾಗೆ ಹಾರಿತು, ಅಷ್ಟರಲ್ಲಿ ಹೊರಗೆ ಯಾರೋ ದವಡೆ ಊದಿದ ಮಗುವನ್ನು ಎತ್ತಿಕೊಂಡು ಬಂದರು. "ನೀನು ಹೋಗಿ ಬಾ ಅಸಿರಮ್ಮಾ, ನಿನ್ನ ಮೇಲೆ ನನಗೆ ನಂಬಿಕೆ ಇದೆ" ಎಂದು ಅವಳ ಎರಡು ಕೈ ಹಿಡಿದು ಕಳಿಸಿದ್ದಳು. ಸಂಜೆ ಫಾರಂ ತುಂಬುವಾಗ 'ಬಾಯಿಯ ಪರೀಕ್ಷೆ' ಎಂಬಲ್ಲಿ ಪೆನ್ನು ಒಂದು ಗಳಿಗೆ ನಿಂತಿತು. ಹೋದ ವರ್ಷದ ಚೀಟಿ ತೆಗೆದು ನೋಡಿ ಬರೆದಳು: ಅಂಗುಳದಲ್ಲಿ ಬಿಳಿ ಮಚ್ಚೆ, ಮೊದಲಿನಷ್ಟೇ. ಅದಾಗಿ ಇಂದಿಗೆ ಇಪ್ಪತ್ತಮೂರು ದಿನ.

ಚಪ್ಪಾಳೆ ನಿಂತಾಗ ಹಿಂದಿನಿಂದ ಯಾರೋ ತನ್ನ ಕತ್ತನ್ನು ನೋಡುತ್ತಿದ್ದಾರೆ ಅನ್ನಿಸಿ ತಿರುಗಿದಳು. ಅವಳದೇ ಆಸ್ಪತ್ರೆಯ ನರ್ಸು ಗ್ರೇಸಮ್ಮ, ಐದು ತಿಂಗಳಲ್ಲಿ ನಿವೃತ್ತಿಯಾಗುವವಳು, ಮಡಿಲಲ್ಲಿ ಕೈ ಜೋಡಿಸಿ ಕೂತಿದ್ದಳು. ಚಪ್ಪಾಳೆ ತಟ್ಟಿದವರ ಕೈಗಳಂತೆ ಕಾಣಲಿಲ್ಲ ಅವು.

ಊಟಕ್ಕೆ ಪುಳಿಯೋಗರೆ ಪೊಟ್ಟಣ, ಮೊಸರನ್ನದ ಪೊಟ್ಟಣ. ಗ್ರೇಸಮ್ಮ ಕಿಟಕಿಯ ಪಕ್ಕಕ್ಕೆ ಬಂದು ನಿಂತು, ಪೊಟ್ಟಣ ಬಿಚ್ಚದೆಯೇ, "ಅಮ್ಮಾ, ಮೂಗಲ್ಲಿ ಬರ್ತದೆ ಅಂದಳಲ್ಲ ಅವಳು" ಎಂದಳು.

"ಶೀತ ಇರಬೇಕು."

"ಗಂಜಿ ಅಂದಳು."

"ನೆತ್ತಿಗೆ ಹತ್ತಿದ್ರೆ ಎಲ್ಲರಿಗೂ ಬರುತ್ತೆ ಸಿಸ್ಟರ್. ಮೊನ್ನೆ ನನಗೂ ಬಂತು."

ಗ್ರೇಸಮ್ಮ ತಲೆಯಾಡಿಸಿದಳು. ಒಪ್ಪಿದ್ದಕ್ಕಲ್ಲ, ಮೂವತ್ತೈದು ವರ್ಷ ಡಾಕ್ಟರುಗಳ ಮಾತಿಗೆ ಆಡಿಸಿ ರೂಢಿಯಾದ ತಲೆ. "ನೋಡಿದ್ರಲ್ಲ, ನೀವೇ ನೋಡಿದ್ರಲ್ಲ ಬಾಯಿ. ಫಾರಂನಲ್ಲಿ ಬರೆದಿದ್ರಿ. ಹಂಗಾದ್ರೆ ಸರಿ ಬಿಡಿ" ಎಂದಳು. ಅವಳ ದನಿಯಲ್ಲಿ ಆರೋಪವಿರಲಿಲ್ಲ. ಹೈಮಾವತಿ ಆ ದನಿಯಲ್ಲಿ ಆರೋಪವನ್ನು ಹುಡುಕಿದಳು, ಸಿಕ್ಕಿದ್ದರೆ ಸಿಟ್ಟಾದರೂ ಆಗಬಹುದಿತ್ತು. ಮೊಸರನ್ನದ ಮೇಲಿನ ಒಣಮೆಣಸಿನಕಾಯಿ ಬೆರಳಿಗೆ ಅಂಟಿತ್ತು. ಅದನ್ನೇ ನೋಡುತ್ತ, "ನೋಡಲಿಲ್ಲ" ಎಂದಳು. ಗ್ರೇಸಮ್ಮ ಕೇಳಿಸಿಕೊಂಡಳೋ ಇಲ್ಲವೋ, ಪೊಟ್ಟಣ ಬಿಚ್ಚಿ ಒಂದು ತುತ್ತು ಬಾಯಿಗಿಟ್ಟು, ಅಗಿದು, ನುಂಗಿ, "ಇವತ್ತೇ ಹೋಗಿ ಅಮ್ಮಾ. ಕಡೇಲಿ ಎಲ್ಲರ ಫೋಟೋ ತೆಗೆಯೋವಾಗ ನೀವು ಎಲ್ಲಿ ಅಂದ್ರೆ ತಲೆನೋವು ಅಂತೀನಿ" ಎಂದಳು.

ಬಸ್ಸು, ಆಮೇಲೆ ಆಟೋ. ಅಸಿರಮ್ಮನ ಊರು ಎಗುವಪೇಟಕ್ಕೆ ಹೋಗುವ ದಾರಿಯಲ್ಲಿ ಎರಡೂ ಕಡೆ ಗಾಳಿಮರದ ತೋಪು. ಅದು ಮುಗಿದ ಕೂಡಲೇ ಒಣಮೀನಿನ ವಾಸನೆ. ದಾರಿಯುದ್ದಕ್ಕೂ ಅವಳು ತನ್ನನ್ನು ಸಮರ್ಥಿಸಿಕೊಳ್ಳುತ್ತಿದ್ದಳು, ಯಾರ ಮುಂದೆ ಎಂಬುದು ಸ್ಪಷ್ಟವಿರಲಿಲ್ಲ. ಇಪ್ಪತ್ತಮೂರು ದಿನದಲ್ಲಿ ಏನಾಗಿಬಿಡುತ್ತದೆ? ತೂತು ಬಿದ್ದಾಗಿದ್ದರೆ ಆಗಲೇ ಬಿದ್ದಾಗಿತ್ತು. ಆದರೆ ಇಪ್ಪತ್ತಮೂರು ದಿನದಲ್ಲಿ ಏನೇನಾಗುತ್ತದೆ ಎಂದು ತಾನೇ ಎಷ್ಟು ಜನಕ್ಕೆ ಕಿರುಚಿ ಹೇಳಿರಲಿಲ್ಲ? ಹಳೆಯ ಹೈಮಾವತಿ, ಆ ಒರಟು ಹೆಂಗಸು, ಮೊದಲು ಮಾಡುತ್ತಿದ್ದದ್ದೇ ಗದ್ದ ಹಿಡಿದು 'ತೆಗಿ ಬಾಯಿ' ಎನ್ನುವುದು. ರೋಗಿಗೆ ನಮಸ್ಕಾರ ಹೇಳಲು ಕೂಡ ಬಿಡುತ್ತಿರಲಿಲ್ಲ. ಅವಳ ಕಣ್ಣಿಂದ ಇದು ತಪ್ಪಿಸಿಕೊಳ್ಳುತ್ತಿರಲಿಲ್ಲ. ಹಾಗೆಂದು ಅವಳನ್ನು ಈಗ ಮೆಚ್ಚಿಕೊಳ್ಳುವುದೂ ಒಂದು ನೆಪವೇ ಎಂದು ಹೊಳೆದು, ಅಲ್ಲಿಗೆ ಆ ಯೋಚನೆಯನ್ನು ಬಿಟ್ಟಳು. ತಪ್ಪು ತರಬೇತಿಯದಲ್ಲ. ಬಾಯಿ ನೋಡಬೇಡ ಎಂದು ಪಟ್ನಾಯಕ್ ಹೇಳಿರಲಿಲ್ಲ. ಹೊಗಳಿಸಿಕೊಳ್ಳುವ ಆಸೆಗೆ ಒಂದು ಬಾಯಿ ಅಡ್ಡ ಬಂದಿತ್ತು, ಅದನ್ನು ಸರಿಸಿ ಮುಂದೆ ಹೋಗಿದ್ದಳು.

ಮನೆಯ ಮುಂದೆ ಬಲೆಯ ಮೇಲೆ ಸಣ್ಣಮೀನು ಹರಡುತ್ತಿದ್ದವಳು ಅಸಿರಮ್ಮನ ಮಗಳು ಪೋಲಮ್ಮ. ತಲೆಯೆತ್ತಿ ನೋಡಿ, ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತ, "ಅಯ್ಯೋ, ಡಾಕ್ಟರಮ್ಮ! ನೀವ್ಯಾಕೆ ಬಂದ್ರಿ ಇಲ್ಲಿಗಂಟ" ಎಂದಳು. ಆಮೇಲೆ ದನಿ ತಗ್ಗಿಸಿ, "ಹಿಂದ್ಗಡೆ ಅವಳೆ. ನಿಮ್ ಹತ್ರಕ್ಕೆ ಬಂದೋದ ದಿನದಿಂದ ಚುಟ್ಟಾ ಮುಟ್ಟಿಲ್ಲ. ಊರೋರೆಲ್ಲ ಬೆರಗಾಗವ್ರೆ. ಏನ್ ಮಂತ್ರ ಹಾಕಿದ್ರಿ?" ಎಂದಳು.

ಅಸಿರಮ್ಮ ಗೋಡೆಯ ನೆರಳಿನಲ್ಲಿ ಹಳೇ ಬಲೆಯ ಮೇಲೆ ಕೂತಿದ್ದಳು. ಇಪ್ಪತ್ತಮೂರು ದಿನದಲ್ಲಿ ಅವಳು ಚಿಕ್ಕವಳಾಗಿದ್ದಳು. ಕೆನ್ನೆಯ ಮೂಳೆಗಳು ಮುಂದೆ ಬಂದು, ರವಿಕೆಯಿಲ್ಲದ ಭುಜ ಹುಡುಗಿಯ ಭುಜದ ಹಾಗೆ ಕಾಣುತ್ತಿತ್ತು. ಮೂಗಿನಲ್ಲಿ ಹೊಳೆಯುತ್ತಿದ್ದ ನತ್ತು ಇರಲಿಲ್ಲ. ಹೈಮಾವತಿಯನ್ನು ಕಂಡು ಏಳಲು ಹೋದಳು, ಹೈಮಾವತಿ ಅವಳನ್ನು ಕೂರಿಸಿ, ತಾನೂ ಎದುರಿಗೆ ಮಣ್ಣಿನ ಮೇಲೆ ಕುಕ್ಕರಗಾಲಲ್ಲಿ ಕೂತು, "ಬಾಯಿ ತೆಗಿ" ಎಂದಳು.

ಫೋನಿನ ಬೆಳಕಿನಲ್ಲಿ ಕಂಡಿತು. ಅಂಗುಳದ ನಡುವೆ, ಹುಣಸೆಬೀಜ ಹಿಡಿಯುವಷ್ಟು ಅಗಲದ ಕಪ್ಪು ತೂತು. ಸುತ್ತ ದಪ್ಪನೆಯ ಅಂಚು, ಹೂಕೋಸಿನ ಹಾಗೆ ಅರಳಿದ ಮಾಂಸ. ಒಳಗಿನಿಂದ ಗಾಳಿ ಬಂದು ಅವಳ ಬೆರಳಿಗೆ ಬೆಚ್ಚಗೆ ತಾಗಿತು. ವಾಸನೆಗೆ ಅವಳು ಮುಖ ತಿರುಗಿಸಲಿಲ್ಲ, ಅದನ್ನು ತನಗೆ ಸಲ್ಲಬೇಕಾದ್ದು ಎಂಬಂತೆ ಉಸಿರಾಡಿದಳು. ಕತ್ತಿನ ಎರಡೂ ಕಡೆ ಬೆರಳಿಂದ ಒತ್ತಿ ನೋಡಿದಳು. ಚರ್ಮದ ಅಡಿಯಲ್ಲಿ ಬೆಣಚುಕಲ್ಲಿನಂಥ ಗಂಟುಗಳು, ಅಲ್ಲಾಡದ ಹಾಗೆ ಬೇರೂರಿದ್ದವು. ಎಡಕ್ಕೆ ನಾಲ್ಕು, ಬಲಕ್ಕೆ ಎರಡು. ಅವಳು ಇಪ್ಪತ್ತು ವರ್ಷ ಓದಿದ್ದು, ಕಂಡದ್ದು ಎಲ್ಲ ಸೇರಿ ಒಂದೇ ಮಾತು ಹೇಳಿತು. ಇದು ಇಪ್ಪತ್ತಮೂರು ದಿನದ್ದಲ್ಲ, ಆರೇಳು ತಿಂಗಳದ್ದು. ಅಂದೇ ನೋಡಿದ್ದರೂ ಬಹುಶಃ ಇಷ್ಟೇ. ಆ 'ಬಹುಶಃ' ಎಂಬ ಪದವನ್ನು ಹಿಡಿದುಕೊಂಡು ಒಂದು ಕ್ಷಣ ಅವಳಿಗೆ ಎದೆ ಹಗುರಾಯಿತು. ಹಗುರಾದದ್ದಕ್ಕೆ ಅಲ್ಲೇ, ಆ ತೆರೆದ ಬಾಯಿಯ ಮುಂದೆಯೇ ನಾಚಿಕೆಯಾಯಿತು.

"ಅವತ್ತು ನಾನು ನಿನ್ನ ಬಾಯಿ ನೋಡಲಿಲ್ಲ" ಎಂದಳು. "ನೋಡಬೇಕಾಗಿತ್ತು. ನೀನು ಗಂಜಿಯ ವಿಷಯ ಹೇಳಿದೆ, ನನಗೆ ಕೇಳಿಸಲಿಲ್ಲ."

"ನೋಡ್ಲಿಲ್ಲ, ಗೊತ್ತು" ಎಂದಳು ಅಸಿರಮ್ಮ. ಮಾತು ಮೂಗಿನಿಂದ ಬರುತ್ತಿತ್ತು. ಅರ್ಥವಾಗಲು ಹೈಮಾವತಿ ಅವಳ ತುಟಿಗಳನ್ನು ನೋಡಬೇಕಾಯಿತು. "ನಾನೂ ತೋರಿಸ್ಲಿಲ್ಲ. ಬೈಸ್ಕಳನಾ ಅಂತ್ಲೇ ಬಂದಿದ್ದೆ ಕಣಮ್ಮಾ ಅವತ್ತು. ಮೂಗಲ್ಲಿ ಬತ್ತಾ ಐತೆ, ಹೋಗ್ ಬೈಸ್ಕಂಡಾರ ಬತ್ತೀನಿ, ಮದ್ದು ಕೊಡ್ತಾಳೆ, ಅಂತ. ನೀನು ನೋಡಿದ್ರೆ, ಕುರ್ಚಿ ಹಾಕ್ದೆ. ಅಮ್ಮಾ ಅಸಿರಮ್ಮಾ ಅಂದೆ. ಗಂಡನ್ ವಿಸ್ಯ ಕೇಳ್ದೆ. ಕೈ ಹಿಡ್ಕಂಡೆ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ದಾರೀಲೇ ತಿಳ್ಕಂಡೆ. ಬೈಯೋ ಡಾಕ್ಟರಮ್ಮ ಬೈಲಿಲ್ಲ ಅಂದ್ರೆ ಮುಗೀತು ಅಂತ. ನಮ್ಮತ್ತೆಗೂ ಕಡೇಲಿ ಎಲ್ರೂ ಹಂಗೇ ಮಾತಾಡ್ತಿದ್ರು, ಮೆಲ್ಲಕೆ. ಸಾಯೋರತ್ರ ಅಲ್ವಾ ಹಂಗ್ ಮಾತಾಡದು? ನತ್ತು ಮಗಳಿಗೆ ಕೊಟ್ಟೆ. ದಡದಾಗೆ ನನ್ ಜಾಗ ಇತ್ತಲ್ಲ, ದೋಣಿ ತಾವ, ಅದನ್ನೂ ಅವಳಿಗೇ ಬಿಟ್ಟೆ."

"ಮತ್ತೆ ಬಿಡ್ತೀನಿ ಅಂದೆಯಲ್ಲ ಚುಟ್ಟಾ?"

"ಹೊಗೇನೇ ನಿಲ್ದಿದ್ಮ್ಯಾಕೆ ಸೇದಿ ಏನ್ ಮಾಡ್ಲಿ? ನೀನು ಅಷ್ಟ್ ಆಸೆಯಿಂದ ಕೇಳ್ತಿದ್ದೆ. ಅನ್ನನಾ ಪಾಪ ಅಂತ ಅಂದೆ."

ಪೋಲಮ್ಮ ಗೋಡೆಯ ಮೂಲೆಯಲ್ಲಿ ನಿಂತು ಕೇಳುತ್ತಿದ್ದಳು. ಅವಳ ಮೂಗಿನಲ್ಲಿ ನತ್ತು ಹೊಳೆಯುತ್ತಿತ್ತು. ಈಗ ಅದು ತನಗೆ ಯಾಕೆ ಬಂತೆಂದು ಗೊತ್ತಾಗಿ ಅವಳ ಕೈ ಮೂಗಿನ ಹತ್ತಿರ ಹೋಗಿ, ಮುಟ್ಟದೆ, ಹಾಗೇ ನಿಂತಿತು. ಅದನ್ನು ನೋಡಿ ಹೈಮಾವತಿಯ ಒಳಗೆ ಏನೋ ಕಿತ್ತುಬಂತು. ಎದ್ದು ನಿಂತಳು. "ಬುದ್ಧಿ ಇದೆಯೇನೇ ನಿನಗೆ?" ಎಂದು ಕೂಗಿದಳು. ಆ ದನಿ ತಿಂಗಳಿಂದ ಎಲ್ಲೋ ಮಡಚಿ ಇಟ್ಟದ್ದು, ಹಾಗೇ ಧೂಳು ಸಮೇತ ಬಿಚ್ಚಿಕೊಂಡಿತು. "ಬಾಯಿ ತೂತಾಗಿದೆ ಅಂತ ಗೊತ್ತಿದ್ದೂ ಮನೇಲಿ ಕೂತಿದ್ದೀಯಲ್ಲ, ಯಾರಪ್ಪನ ಮನೆ ಗಂಟು ಹೋಗ್ತಿತ್ತು ಬಂದು ಹೇಳಿದ್ರೆ? ನಾನು ನೋಡ್ಲಿಲ್ಲ ಅಂದ್ರೆ ನೀನು ಕಿರುಚಬೇಕಿತ್ತು! ನನ್ನ ಕಪಾಳಕ್ಕೆ ಹೊಡೆದು ತೋರಿಸಬೇಕಿತ್ತು! ಏಳು, ಏಳೇ ಮೇಲೆ. ಹೊರಡು ಈಗಲೇ ಪಟ್ಟಣಕ್ಕೆ, ದೊಡ್ಡಾಸ್ಪತ್ರೆಗೆ. ಸೀರೆ ಉಟ್ಕೋ. ಏನ್ ನೋಡ್ತಿದ್ದೀಯಾ ಬಾಯಿ ಬಿಟ್ಕೊಂಡು?" ಪಕ್ಕದ ಮನೆಯವರು ಹೊರಗೆ ಬಂದರು. ಯಾರೋ ನಕ್ಕರು, ಬಂದಳಪ್ಪ ಬೈಯೋ ಡಾಕ್ಟರಮ್ಮ ಎಂದರು.

ಅಸಿರಮ್ಮ ಕೆಳಗಿನಿಂದ ಅವಳನ್ನು ನೋಡುತ್ತಿದ್ದಳು. ಅವಳ ಮುಖದಲ್ಲಿ ಏನೋ ನಿಧಾನವಾಗಿ ಬದಲಾಗುತ್ತಿತ್ತು. ಬತ್ತಿದ ಕಣ್ಣುಗಳಿಗೆ ನೀರಲ್ಲ, ಒಂದು ಥರದ ಎಚ್ಚರ ಬಂತು. "ಬೈತಾ ಇದೀಯಾ" ಎಂದಳು. ಮಗಳ ಕಡೆ ತಿರುಗಿ, "ಲೇ ಪೋಲೀ, ಬೈತಾವಳೆ ಕಣೇ" ಎಂದಳು. ಗೋಡೆ ಹಿಡಿದು, ಯಾರ ಸಹಾಯವೂ ಇಲ್ಲದೆ, ಎದ್ದು ನಿಂತಳು. "ಹಂಗಾದ್ರೆ ಏನೋ ಐತೆ ಇನ್ನೂವೆ. ಆ ನೀಲಿ ಸೀರೆ ತಗಂಬಾ."

ಹೈಮಾವತಿಯ ಬಾಯಿ ತೆರೆದೇ ಇತ್ತು. ಮುಂದಿನ ಬೈಗುಳ ನಾಲಿಗೆಯ ಮೇಲೆ ಸಿದ್ಧವಾಗಿತ್ತು, ಅದನ್ನು ಏನು ಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಇಲ್ಲ, ಇದು ಅದಲ್ಲ, ನಾನು ಬಯ್ದದ್ದು ನನ್ನನ್ನು ಎಂದು ಹೇಳಬೇಕಿತ್ತು. ಹೇಳದೆ, "ಬೇಗ" ಎಂದು ಗದರಿದಳು. ಅಸಿರಮ್ಮ ಬೇಗ ಬೇಗ ಒಳಗೆ ಹೋದಳು.

ಆಟೋದಲ್ಲಿ ಅಸಿರಮ್ಮ ನಡುವೆ, ಒಂದು ಪಕ್ಕ ಪೋಲಮ್ಮ, ಇನ್ನೊಂದು ಪಕ್ಕ ಹೈಮಾವತಿ. ನೀಲಿ ಸೀರೆಗೆ ಬಟ್ಟೆಪೆಟ್ಟಿಗೆಯ ವಾಸನೆಯಿತ್ತು. ಅಸಿರಮ್ಮ ತಲೆ ಬಾಚಿಕೊಂಡು, ಮಡಿಲಲ್ಲಿ ಒಂದು ಸ್ಟೀಲಿನ ಡಬ್ಬಿ ಹಿಡಿದಿದ್ದಳು. ಆಟೋದವನು ಅದೇ ಊರಿನ ವಯಸ್ಸಾದ ಮನುಷ್ಯ. ಅವನ ಬೆನ್ನಿಗೆ ಅವಳು ಹೇಳುತ್ತಿದ್ದಳು, ಅರ್ಧ ಮಾತು ಮೂಗಿನಲ್ಲಿ ಕಳೆದುಹೋಗುತ್ತಿತ್ತು: "ಏನ್ ಬೈಗುಳ ಅಂತೀಯಾ ಮಾವಾ. ಊರೆಲ್ಲ ಕೇಳಂಗೆ. ನಮ್ಮವ್ವನೂ ಹಂಗ್ ಬೈದಿರ್ಲಿಲ್ಲ." ಅವನು ಕನ್ನಡಿಯಲ್ಲಿ ಹೈಮಾವತಿಯನ್ನು ನೋಡಿ, "ಬೈಬೇಕಮ್ಮಾ ಇವರಿಗೆಲ್ಲ, ಬೈದ್ರೇನೇ ಕೇಳದು" ಎಂದ. ಪೋಲಮ್ಮ ನತ್ತನ್ನು ತೆಗೆದು ಮುಷ್ಟಿಯಲ್ಲಿಟ್ಟುಕೊಂಡಿದ್ದಳು. ಗಾಳಿಮರಗಳ ನಡುವೆ ಸಂಜೆಯ ಬಿಸಿಲು ಪಟ್ಟೆಪಟ್ಟೆಯಾಗಿ ಅವರ ಮಡಿಲ ಮೇಲೆ ಹಾದು ಹೋಗುತ್ತಿತ್ತು.

ಹೈಮಾವತಿ ಮುಂದಿನದನ್ನು ಲೆಕ್ಕ ಹಾಕುತ್ತಿದ್ದಳು. ನಾಳೆ ಬೆಳಿಗ್ಗೆ ದೊಡ್ಡಾಸ್ಪತ್ರೆಯಲ್ಲಿ ಒಂದು ಚೂರು ಕತ್ತರಿಸಿ ನೋಡುತ್ತಾರೆ. ಅದರ ಫಲಿತಾಂಶ ಅವಳಿಗೆ ಈಗಲೇ ಗೊತ್ತು. ಗಂಟು ಕತ್ತಿಗೆ ಇಳಿದಿದೆ ಎನ್ನುತ್ತಾರೆ, ನೋವಿಗೆ ಮದ್ದು ಬರೆಯುತ್ತಾರೆ, ತೂತಿಗೆ ಒಂದು ಮುಚ್ಚಳ ಮಾಡಿಕೊಡಬಹುದು. ಆ ಮುಚ್ಚಳವನ್ನು ತಾನೇ ಮಾಡಬಲ್ಲಳು. ಗಂಜಿ ಗಂಟಲಿಗೆ ಇಳಿಯುತ್ತದೆ, ಅಷ್ಟು ಆಗುತ್ತದೆ. ಫಾರಂ ತಿದ್ದಬೇಕು, ಪಟ್ನಾಯಕ್‌ಗೆ ಹೇಳಬೇಕು. ಚಪ್ಪಾಳೆ ತಟ್ಟಿದ ಆ ಇಪ್ಪತ್ತೆರಡು ಜನಕ್ಕೂ ಹೇಳಬೇಕೇ?

"ಎಷ್ಟ್ ದಿನ ಆಯ್ತದೆ ಅಮ್ಮಾ ವಾಸಿಯಾಗಕ್ಕೆ?" ಎಂದಳು ಅಸಿರಮ್ಮ.

"ವಾಸಿಯಾಗೋಕೆ ಎಷ್ಟು ದಿನ ಅಂತ ಯೋಚನೆ ಮಾಡ್ತಿದ್ದೀಯಾ" ಎಂದಳು ಹೈಮಾವತಿ. ಅಂದ ಮೇಲೆ, ತಾನು ಏನು ಮಾಡಿದೆ ಎಂದು ಗೊತ್ತಾಯಿತು.

"ಹೂಂ, ಅದನ್ನೇ ಕೇಳಿದ್ದು. ಎಷ್ಟ್ ದಿನ?"

ಆಟೋ ಒಂದು ಹಳ್ಳಕ್ಕೆ ಇಳಿದು ಹತ್ತಿತು. ಅಸಿರಮ್ಮನ ಭುಜ ಬಂದು ಅವಳ ಭುಜಕ್ಕೆ ಒರಗಿ, ಅಲ್ಲೇ ಉಳಿಯಿತು. ಏನೂ ತೂಕವಿರಲಿಲ್ಲ ಅದಕ್ಕೆ. ಹೈಮಾವತಿ ಅವಳ ಕಡೆ ನೋಡಲಿಲ್ಲ. ಆಟೋದವನ ಕುತ್ತಿಗೆಯ ಬೆವರನ್ನು ನೋಡುತ್ತಿದ್ದಳು. ಅಸಿರಮ್ಮ ಮಗಳಿಗೆ ಕೇಳಿಸದ ಹಾಗೆ, ಮೂಗಿನಲ್ಲೇ, "ಹೇಳ್ದಿದ್ರೆ ಬ್ಯಾಡ. ಬೈಯಿ. ಇನ್ನೊಂದ್ ಸಲ ಬೈಯಮ್ಮಾ" ಎಂದಳು.

ಹೈಮಾವತಿ ಗಂಟಲು ಸರಿಮಾಡಿಕೊಂಡಳು. ಬೈಗುಳಗಳೆಲ್ಲ ಅವಳಿಗೆ ಗೊತ್ತಿದ್ದವೇ, ಹನ್ನೊಂದು ವರ್ಷ ದಿನಾ ಆಡಿದವು. ಯಾವುದಾದರೂ ಒಂದು ಸಾಕಿತ್ತು. ಬಾಯಿ ತೆರೆದಳು.

"ಅಸಿರಮ್ಮಾ" ಎಂದಳು.

ಅದು ಎಷ್ಟು ಮೃದುವಾಗಿ ಬಂತೆಂದರೆ, ಆಟೋದ ಸದ್ದಿನಲ್ಲಿ ಪೋಲಮ್ಮನಿಗೆ ಕೇಳಿಸಲೂ ಇಲ್ಲ. ಅಸಿರಮ್ಮನಿಗೆ ಕೇಳಿಸಿತು. ಅವಳು ಒರಗಿದ್ದ ಭುಜವನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡು, ನೆಟ್ಟಗೆ ಕೂತು, ನತ್ತು ಹಿಡಿದ ಮಗಳ ಮುಷ್ಟಿಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ಮತ್ತೆ ಅವಳಿಗೇ ತೊಡಿಸಲೆಂಬಂತೆ ಬೆರಳು ಬೆರಳೇ ಬಿಡಿಸತೊಡಗಿದಳು.